ಕುವೆಂಪುನಗರ, ವಿಜಯನಗರದವರನ್ನು ಮತ್ತೆ ಮೈಸೂರಿನ ಹಳೆ ಪೇಟೆಗೆ ಕರೆತರುವುದು ಹೇಗೆ?

ಪ್ರಶ್ನೆ: ಸಯ್ಯಾಜಿರಾವ್ ರಸ್ತೆಯ ವ್ಯಾಪಾರಿ

ಸಯ್ಯಾಜಿರಾವ್ ರಸ್ತೆಗೆ ಹೊಂದಿಕೊಂಡ ಓಣಿಯೊಂದರಲ್ಲಿ ನಮ್ಮ ತಾತ ಆರಂಭಿಸಿದ ಪೂಜಾ ಸಾಮಗ್ರಿಯ ಅಂಗಡಿಯನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ದಸರೆಯ ಹತ್ತು ದಿನ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಜಂಬೂಸವಾರಿ ನೋಡಲು ಬಂದವರು ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ ಕೊಳ್ಳಲು ಬಂದವರಲ್ಲ. ನಮ್ಮ ಅಂಗಡಿಯನ್ನು ಉಳಿಸಿದವರು ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ರಾಮಕೃಷ್ಣನಗರಗಳಿಂದ ತಿಂಗಳಿಗೊಮ್ಮೆಯಾದರೂ ‘ಮಾರ್ಕೆಟ್ಟಿಗೆ ಹೋಗಿಬರುತ್ತೇನೆ’ ಎಂದು ಹೊರಡುತ್ತಿದ್ದ ಮನೆಮಂದಿ. ಅವರ ಮಕ್ಕಳು ಬರುತ್ತಿಲ್ಲ. ಬಂದರೂ ಮದುವೆ, ಉಪನಯನದ ಪಟ್ಟಿ ಹಿಡಿದು ವರ್ಷಕ್ಕೊಮ್ಮೆ ಬರುತ್ತಾರೆ.

ನಮ್ಮ ಓಣಿಯ ಕೆಲವು ವ್ಯಾಪಾರಿಗಳು ಸೇರಿ, ತಿಂಗಳಿಗೊಂದು ಭಾನುವಾರ ದೇವರಾಜ ಅರಸು ರಸ್ತೆಯಲ್ಲಿ ವಾಹನ ಸಂಚಾರ ತಡೆದು ಬೀದಿ ಉತ್ಸವ ನಡೆಸಲು ಅನುಮತಿ ಕೇಳಬೇಕೆಂದು ಯೋಚಿಸಿದ್ದೇವೆ. ಇದರಿಂದ ಬಡಾವಣೆಯವರು ನಿಜವಾಗಿಯೂ ಮರಳಿ ಬರುವರೇ, ಅಥವಾ ಆ ಒಂದು ದಿನ ಚುರುಮುರಿ ತಿಂದು ಹೋಗುವರೇ ಎಂಬುದು ನನ್ನ ಅನುಮಾನ. ಬಡಾವಣೆಗಳಲ್ಲಿ ವಾಸಿಸುವವರು ಸಂಕೋಚವಿಲ್ಲದೆ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಶಿಕ್ಷಕಿ, ರಾಮಕೃಷ್ಣನಗರ

ನೀವು ಸಂಕೋಚವಿಲ್ಲದೆ ಹೇಳಿ ಎಂದಿರುವುದರಿಂದ ಹೇಳುತ್ತೇನೆ. ನಮ್ಮ ಬೀದಿಯ ತಿರುವಿನಲ್ಲೇ ಹೂವು, ಹಣ್ಣು, ತರಕಾರಿ ಎಲ್ಲವೂ ಸಿಗುತ್ತವೆ. ಹಾಗಿದ್ದೂ ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ನಾನು ದೇವರಾಜ ಮಾರುಕಟ್ಟೆಗೆ ಬಂದೆ. ಬಂದದ್ದು ಬೆಲೆಗಾಗಿ ಅಲ್ಲ. ನಮ್ಮ ಬಡಾವಣೆಯ ಹೂವಿನವಳು ಮೊಳ ಹಾಕುವಾಗ ಮೊಣಕೈಯಿಂದ ಹಿಡಿದ ಮಾಲೆ ಬೆರಳ ತುದಿ ಮುಟ್ಟುವುದೇ ಇಲ್ಲ, ಮಣಿಕಟ್ಟಿನ ಹತ್ತಿರವೇ ಕತ್ತರಿಯಾಡುತ್ತದೆ. ಮಾರುಕಟ್ಟೆಯಲ್ಲಿ ಹಾಗಲ್ಲ, ಅಕ್ಕಪಕ್ಕದಲ್ಲಿ ಹತ್ತು ಜನ ಮಲ್ಲಿಗೆ ಮಾರುತ್ತಿರುವಾಗ ಮೊಳವನ್ನು ಗಿಡ್ಡ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ವೀಳ್ಯದೆಲೆಯ ಕಟ್ಟು ಬಿಚ್ಚಿ ಚಿಗುರೆಲೆ ಆರಿಸಲು ಬಿಡುತ್ತಾರೆ. ನಂಜನಗೂಡು ರಸಬಾಳೆ ಎಂದು ಹೇಳಿ ಬೇರೆ ಬಾಳೆ ಕೊಟ್ಟರೆ ಪಕ್ಕದ ಅಂಗಡಿಯವನೇ ನಗುತ್ತಾನೆ. ಈ ಸುಖ ಮೊಬೈಲಿನಲ್ಲಿ ಬೆರಳಾಡಿಸಿದರೆ ಸಿಗುವುದಿಲ್ಲ.

ಆದರೆ ಮುಂದಿನದನ್ನೂ ಕೇಳಿ. ಅರ್ಧ ಗಂಟೆಯಲ್ಲಿ ನನ್ನ ಎರಡು ಕೈಗಳಲ್ಲೂ ಚೀಲಗಳಾದವು. ಬಾಳೆ ಕಂದು, ತೆಂಗಿನಕಾಯಿ, ಹಣ್ಣು ಹೊತ್ತುಕೊಂಡು ಅರಸು ರಸ್ತೆಗೆ ಹೋಗಿ ರವಿಕೆ ಬಟ್ಟೆ ನೋಡಬೇಕೆಂದಿದ್ದವಳು ಆ ಯೋಚನೆಯನ್ನೇ ಬಿಟ್ಟೆ. ಐದು ನಿಮಿಷ ಕೂರೋಣವೆಂದರೆ ಒಂದು ಕಟ್ಟೆಯಿಲ್ಲ. ಶೌಚಾಲಯಕ್ಕಾಗಿ ಹೋಟೆಲೊಂದಕ್ಕೆ ನುಗ್ಗಿ, ಮರ್ಯಾದೆಗೆಂದು ಬೇಡದ ಕಾಫಿ ಕುಡಿದು ಬಂದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರಿಗೆ ಬಸ್ಸಿನ ಖರ್ಚೇ ಇಲ್ಲ. ಮನೆಯಿಂದ ನಗರ ಬಸ್ ನಿಲ್ದಾಣದವರೆಗೆ ಸರಾಗವಾಗಿ ಬರುತ್ತೇವೆ. ಕಷ್ಟ ಆರಂಭವಾಗುವುದು ಬಸ್ಸಿನಿಂದ ಇಳಿದ ಮೇಲೆ.

ಉತ್ಸವ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲು ನಿಮ್ಮ ಓಣಿಯ ವ್ಯಾಪಾರಿಗಳೇ ಸೇರಿ, ಕೊಂಡ ಸಾಮಾನನ್ನು ಎರಡು ಗಂಟೆ ಇಟ್ಟುಹೋಗಲು ಒಂದು ಜಾಗ ಮಾಡಿ, ಚೀಟಿ ಕೊಟ್ಟು ಚೀಲ ಕಾಯುವ ಒಬ್ಬ ಹುಡುಗನನ್ನು ಇಟ್ಟರೆ, ನಾನು ಮಾತ್ರವಲ್ಲ, ನಮ್ಮ ಭಜನಾ ಮಂಡಳಿಯವರೆಲ್ಲರೂ ಬರುತ್ತೇವೆ.

ಉತ್ತರ 2: ನಗರ ಯೋಜನೆ ಓದುತ್ತಿರುವವನು, ಬೆಂಗಳೂರು (ಮೂಲತಃ ಸರಸ್ವತಿಪುರಂ)

ಬೀದಿ ಉತ್ಸವದ ಮಾತು ಬಂದಾಗಲೆಲ್ಲ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ಉದಾಹರಿಸುವುದು ವಾಡಿಕೆಯಾಗಿದೆ. 2020ರ ನವೆಂಬರ್‌ನಿಂದ ಮುಂದಿನ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ತಡೆದು, ರಸ್ತೆಯನ್ನು ನಡೆಯುವವರಿಗೆ ಬಿಟ್ಟಿದ್ದರು. ನಗರ ಭೂಸಾರಿಗೆ ನಿರ್ದೇಶನಾಲಯದ ಆ ಪ್ರಯೋಗಕ್ಕೆ ಜನ ಬಂದದ್ದೂ ನಿಜ. ಆದರೆ ಆ ರಸ್ತೆಗೆ ಕಲ್ಲು ಹಾಸಿ, ಕಾಲುದಾರಿ ಅಗಲ ಮಾಡಿದ್ದು ಅದಕ್ಕೂ ಮೊದಲು. ಪಕ್ಕದಲ್ಲೇ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣವಿದೆ. ಅಲ್ಲಿರುವ ಅಂಗಡಿಗಳಲ್ಲಿ ಬಹುಪಾಲು ತಿಂಡಿ, ಕಾಫಿ, ಪುಸ್ತಕದವು. ಅಂದರೆ ನಡೆದಾಡಲು ಬಂದವನೇ ಅಲ್ಲಿ ಗಿರಾಕಿಯೂ ಆಗುತ್ತಾನೆ. ನಿಮ್ಮಲ್ಲಿ ಅಡಿಕೆ ಮೂಟೆ ಇಳಿಯಬೇಕು, ಬಾಳೆಗೊನೆಯ ಗಾಡಿ ಬರಬೇಕು. ರಸ್ತೆ ಮುಚ್ಚುವುದಕ್ಕೆ ಮೊದಲು, ಸರಕು ಇಳಿಸುವ ಕೆಲಸ ಬೆಳಿಗ್ಗೆ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ನಿಮ್ಮ ನಿಮ್ಮಲ್ಲೇ ಒಪ್ಪಂದವಾಗದಿದ್ದರೆ, ಮೊದಲ ಭಾನುವಾರವೇ ಜಗಳ ಖಚಿತ.

ಮೇಲೆ ಬರೆದ ಮೇಡಂ ಅವರ ಮಾತು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ನಗರ ಬಸ್ ನಿಲ್ದಾಣದಿಂದ ದೇವರಾಜ ಮಾರುಕಟ್ಟೆಯ ಮುಂದಿನ ಚಿಕ್ಕಗಡಿಯಾರಕ್ಕೆ ನಡಿಗೆಯಲ್ಲಿ ಕೆಲವೇ ನಿಮಿಷಗಳು. ಮೆಟ್ರೋ ಇಲ್ಲದ ಊರಿಗೆ ಇದೇ ದೊಡ್ಡ ಭಾಗ್ಯ. ಆದರೆ ನಡುವೆ ಕೃಷ್ಣರಾಜ ವೃತ್ತವಿದೆ, ಅದನ್ನು ವಯಸ್ಸಾದವರು ದಾಟುವುದನ್ನು ಒಮ್ಮೆ ನಿಂತು ನೋಡಿ. ಭಾನುವಾರ ಸಂಜೆ ಅರಮನೆಯ ಸುಮಾರು 1 ಲಕ್ಷ ದೀಪಗಳನ್ನು ನೋಡಲು ಬಂದವರು ಆ ವೃತ್ತದ ಇತ್ತಲೇ ಉಳಿದು, ಬಸ್ಸು ಹತ್ತಿ ಹೋಗಿಬಿಡುತ್ತಾರೆ. ನೀವು ಸಂಘಟಿತರಾಗಿ ಏನಾದರೂ ಕೇಳುವುದಾದರೆ, ಉತ್ಸವಕ್ಕೆ ಅನುಮತಿ ಕೇಳುವ ಬದಲು ಈ ಕೆಲವು ನಿಮಿಷಗಳ ದಾರಿಗೆ ನೆರಳು, ದೀಪ ಮತ್ತು ನಿಧಾನವಾಗಿ ದಾಟಲು ಸಾಕಾಗುವಷ್ಟು ಸಿಗ್ನಲ್ ಕೇಳಿ.

ಇನ್ನೊಂದು ಸಂಗತಿ ಯಾರಿಗೂ ಹಿತವಾಗಲಾರದು. 2012ರ ಆಗಸ್ಟ್‌ನಲ್ಲಿ ಸಯ್ಯಾಜಿರಾವ್ ರಸ್ತೆಯ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಿ ಉಳಿಸಬೇಕೇ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ನಾಳೆ ಇರುತ್ತದೋ ಇಲ್ಲವೋ ಎಂಬ ಕಟ್ಟಡಕ್ಕೆ ಯಾವ ವ್ಯಾಪಾರಿ ಸುಣ್ಣ ಬಳಿಸುತ್ತಾನೆ? ಮಗುವಿನ ಕೈ ಹಿಡಿದು ಬರುವ ತಾಯಿಗೆ ತಲೆಯ ಮೇಲಿನ ಚಾವಣಿಯ ಬಗ್ಗೆ ಭಯವಿದ್ದರೆ ಯಾವ ರಿಯಾಯಿತಿ ಕೂಪನ್ನೂ ಕೆಲಸ ಮಾಡದು.

ಉತ್ತರ 3: ದೇವರಾಜ ಮೊಹಲ್ಲಾ ನಿವಾಸಿ

ದೂರದ ಬಡಾವಣೆಯವರನ್ನು ಕರೆಯುವ ಮೊದಲು, ಪೇಟೆಯ ಬೆನ್ನಿಗೇ ಇರುವ ನಮ್ಮನ್ನೂ ನೆನಪಿಸಿಕೊಳ್ಳಿ. ನಮ್ಮ ಸುತ್ತಲಿನ ಮನೆಗಳ ಮೇಲಂತಸ್ತುಗಳು ಒಂದೊಂದಾಗಿ ಗೋದಾಮುಗಳಾಗಿವೆ. ಸಂಜೆಯ ಸಿನಿಮಾ ಆಟ ಬಿಟ್ಟ ಮೇಲೆ ತಿಂಡಿ ತಿಂದು, ಹೂವು ಕೊಂಡು ಹೋಗುವ ಜನರಿಂದ ಬೀದಿ ಎಚ್ಚರವಾಗಿರುತ್ತಿತ್ತು; 2020ರಲ್ಲಿ ಶಾಂತಲಾ ಚಿತ್ರಮಂದಿರವೂ ಮುಚ್ಚಿತು. ಜನ ವಾಸಿಸದ ಪೇಟೆ ಅಂಗಡಿ ಬಾಗಿಲು ಹಾಕಿದ ಕೂಡಲೇ ಕತ್ತಲಾಗುತ್ತದೆ, ಕತ್ತಲಾದ ಪೇಟೆಗೆ ಕುವೆಂಪುನಗರದವರು ಏಕೆ ಬರುತ್ತಾರೆ?

ವಾಹನ ನಿಲ್ಲಿಸಲು ಜಾಗವಿಲ್ಲ ಎಂಬುದು ವ್ಯಾಪಾರಿಗಳ ನಿತ್ಯದ ದೂರು. ನಾನು ಬೆಳಿಗ್ಗೆ ಒಂಬತ್ತೂವರೆಗೆ ಹಾಲು ತರಲು ಹೋಗುವಾಗಲೇ ಅಂಗಡಿಗಳ ಮುಂದೆ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ. ಆ ಹೊತ್ತಿಗೆ ಬೋಣಿಯೂ ಆಗಿರುವುದಿಲ್ಲ. ಹಾಗಾದರೆ ಆ ಸ್ಕೂಟರುಗಳು ಯಾರವು?

ಪ್ರಶ್ನೆ ಕೇಳಿದವರ ಮರುನುಡಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಅವುಗಳಲ್ಲಿ ಒಂದು ನನ್ನದು. ಇಂದು ಮಧ್ಯಾಹ್ನ ಹೊರಗೆ ನಿಂತು ಎಣಿಸಿದೆ. ನಮ್ಮ ಓಣಿಯ ಬಾಯಲ್ಲಿದ್ದ ಹನ್ನೊಂದು ಗಾಡಿಗಳಲ್ಲಿ ಏಳು ನಮ್ಮ ನಮ್ಮ ಅಂಗಡಿಯವರವೇ ಆಗಿದ್ದವು. ಪಕ್ಕದ ಅಂಗಡಿಯವರಿಗೆ ಹೇಳಿದಾಗ ಅವರು ನಕ್ಕರು, ಗಾಡಿ ಮಾತ್ರ ತೆಗೆಯಲಿಲ್ಲ.

ಉತ್ಸವದ ಅರ್ಜಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಮೇಡಂ ಸೂಚಿಸಿದ ಚೀಲದ ವ್ಯವಸ್ಥೆಗೆ ನಮ್ಮ ಅಂಗಡಿಯ ಹಿಂಬದಿಯ ಕೋಣೆಯನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ. ಅಲ್ಲಿ ತಾತನ ಕಾಲದ ಗೂಡುಗಳಿರುವ ಕಪಾಟೊಂದಿದೆ, ಹೊರಗೆ ನಾಲ್ಕು ಜನ ಕೂರುವಷ್ಟು ಜಗಲಿಯೂ ಇದೆ. ಶ್ರಾವಣದ ಮೊದಲ ಶುಕ್ರವಾರಕ್ಕೆ ಆರಂಭಿಸುವ ಯೋಚನೆ. ಹೂವು, ಬಾಳೆ ಎಲೆಯಂಥವು ಬಾಡದಂತೆ ಇಡುವುದು ಹೇಗೆಂಬುದೊಂದೇ ಈಗ ಉಳಿದಿರುವ ಚಿಂತೆ. ಒದ್ದೆ ಗೋಣಿ ಸಾಕೇ, ಮೇಡಂ?