ಅಕಾಡೆಮಿಯಿಂದ ಹೊರಬಿದ್ದ ಮಗ: ಅನುಭವ ಇರುವವರು ತಿಳಿಸಿ

ಬದಿಯಡ್ಕದ ತಾಯಿ: ಮಗನಿಗೆ ಇಪ್ಪತ್ತು ವರ್ಷ. ನಾಲ್ಕನೇ ಟರ್ಮ್‌ನಲ್ಲಿ ಎರಡನೇ ಸಲ ರೆಲಿಗೇಷನ್ ಆಗಿ, ಅಂದರೆ ಕೆಳಗಿನ ಬ್ಯಾಚಿಗೆ ಇಳಿಸಲ್ಪಟ್ಟು, ಕಳೆದ ತಿಂಗಳು ಸೇನಾ ಅಕಾಡೆಮಿಯಿಂದ ಹೊರಬಿದ್ದ. ಕಪ್ಪು ಟ್ರಂಕ್ ಚಾವಡಿಯಲ್ಲಿಯೇ ಇದೆ, ಬೀಗ ತೆಗೆದಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು, ಹೊದಿಕೆಯ ಅಂಚನ್ನು ಬೆರಳಿನಿಂದ ತೀಡಿ ನೇರ ಮಾಡಿ ಮಡಚಿಡುತ್ತಾನೆ. ಆಮೇಲೆ ಬರಿ ನೆಲದ ಮೇಲೆ ಮಲಗುತ್ತಾನೆ. ಮಾತಿಲ್ಲ. ನಾವು ಏನು ಮಾಡಬೇಕು?

ಮಂಜೇಶ್ವರದ ತಂದೆ: ಮೊದಲು ಬಾಂಡ್ ನೋಡಿ. ನನ್ನ ಮಗ ಮೂರನೇ ಟರ್ಮ್‌ನಲ್ಲಿ ತಾನೇ ಬಿಟ್ಟು ಬಂದ. ಅವನನ್ನು ಸೇರಿಸುವಾಗ ಆ ಬಾಂಡ್‌ಗೆ ಸಹಿ ಹಾಕಿದವನು ನಾನು. ಸ್ವಂತ ಇಚ್ಛೆಯಿಂದ ಬಿಟ್ಟರೆ ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕು. ನೋಟಿಸ್ ಬಂದಾಗ ಮೊತ್ತ ಎಂಟು ಲಕ್ಷದ ಹತ್ತಿರ ಇತ್ತು. ಅದಕ್ಕೂ ಮೊದಲು ಬೆಂಗಳೂರಿನ ಕೋಚಿಂಗ್‌ಗೆ 1,20,000, ಅಲ್ಲಿಯ ಕೊಠಡಿಗೆ ಒಂಬತ್ತು ತಿಂಗಳ ಬಾಡಿಗೆ 54,000 ಕೊಟ್ಟಿದ್ದೆ. ಆ ವರ್ಷವೇ ತೋಟಕ್ಕೆ ಮಹಾಳಿ, ಅಂದರೆ ಕೊಳೆರೋಗ, ಬಡಿದು ಅರ್ಧ ಅಡಕೆ ಉದುರಿತು. ಹೆಂಡತಿಯ ಸರ ಸಹಕಾರಿ ಬ್ಯಾಂಕಿನಲ್ಲಿ ಅಡಮಾನಕ್ಕೆ ಹೋಯಿತು, ಹದಿನಾಲ್ಕು ತಿಂಗಳ ನಂತರ ಬಿಡಿಸಿಕೊಂಡೆ. ಮಗ ಈಗ ಮಂಗಳೂರಿನಲ್ಲಿ ದುಡಿಯುತ್ತಿದ್ದಾನೆ. ನಾನು ಒಂದು ದಿನವೂ ಅವನ ಮೇಲೆ ಕೈ ಎತ್ತಿಲ್ಲ, ಆದರೆ ಲೆಕ್ಕದ ಪುಸ್ತಕವನ್ನು ಅವನ ಮುಂದೆ ಇಟ್ಟಿದ್ದೇನೆ. ಅದು ಸರಿ ಎಂದೇ ಇಂದಿಗೂ ಹೇಳುತ್ತೇನೆ.

ತಾಳವಾಡಿಯ ಅಕ್ಕ: ಲೆಕ್ಕದ ಪುಸ್ತಕವೇ? ನನ್ನ ತಮ್ಮ ತರಬೇತಿಯಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ವೈದ್ಯಕೀಯ ಮಂಡಳಿ ಅನರ್ಹ ಎಂದು ಬರೆದು ಕಳುಹಿಸಿತು. ಅಧಿಕಾರಿಯಾಗಿ ನೇಮಕಗೊಳ್ಳುವ ಮೊದಲೇ ಗಾಯವಾಯಿತು ಎಂಬ ಒಂದೇ ಕಾರಣಕ್ಕೆ ಮಾಜಿ ಸೈನಿಕನ ಸ್ಥಾನಮಾನ ಸಿಗಲಿಲ್ಲ. ತಿಂಗಳಿಗಿಷ್ಟು ಪರಿಹಾರಧನ ಬರುತ್ತದೆ, ಅದು ಫಿಸಿಯೋಥೆರಪಿಗೂ ಮೈಸೂರಿನ ಓಡಾಟಕ್ಕೂ ಮುಗಿಯುತ್ತದೆ. ಮೂತ್ರದ ಚೀಲ, ಕೈಗವಸು, ನೀರಿನ ಹಾಸಿಗೆ, ಒಂದೊಂದನ್ನೂ ನಾನೇ ತಂದಿದ್ದೇನೆ. ಇಂಥ ಕೆಡೆಟ್‌ಗಳ ವಿಷಯವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತು. ಆ ಸುದ್ದಿ ಓದಿದ ದಿನ ತಮ್ಮ ಮೊದಲ ಬಾರಿ ಅತ್ತ. ಎರಡು ಕಾಲಲ್ಲಿ ನಡೆದು ಮನೆಗೆ ಬಂದ ಮಗನಿಗೆ ಲೆಕ್ಕ ತೋರಿಸುವವರನ್ನು ಕಂಡರೆ ನನಗೆ ಸಹಿಸಲು ಆಗುವುದಿಲ್ಲ.

ಮಂಜೇಶ್ವರದ ತಂದೆ: ನಿಮ್ಮ ನೋವು ದೊಡ್ಡದು, ಒಪ್ಪುತ್ತೇನೆ. ಅದಕ್ಕಾಗಿ ನನ್ನ ಸಾಲ ಸಣ್ಣದಾಗುವುದಿಲ್ಲ.

ಜತ್ತದಿಂದ: ನಾನೂ ಹೀಗೆಯೇ ಹೊರಬಿದ್ದ ಹುಡುಗ, ಆದ್ದರಿಂದ ಹೇಳುತ್ತೇನೆ. ಬಚ್ಚಿಟ್ಟ ಮೊಬೈಲ್ ಸಿಕ್ಕಿ, ಹಿಂದಿನ ಎರಡು ಶಿಕ್ಷೆಗಳೂ ಸೇರಿ ಮನೆಗೆ ಕಳುಹಿಸಿದರು. ಊರಿನಲ್ಲಿ ರಜೆ ಎಂದೆ. ಏಳು ತಿಂಗಳು ರಜೆ! ಕೂದಲು ಉದ್ದವಾದಂತೆ ಜನ ಕೇಳತೊಡಗಿದರು, ಹದಿನೈದು ದಿನಕ್ಕೊಮ್ಮೆ ಸಾಂಗಲಿಗೆ ಹೋಗಿ ಕತ್ತರಿಸಿಕೊಂಡು ಬರುತ್ತಿದ್ದೆ. ಆಮೇಲೆ ಸಿಡಿಎಸ್‌ಗೆ, ಅಂದರೆ ಸೇನಾ ಅಧಿಕಾರಿಗಳ ಆಯ್ಕೆಯ ಪರೀಕ್ಷೆಗೆ, ಅರ್ಜಿ ತುಂಬಲು ಕುಳಿತಾಗ ನಿಯಮ ಕಣ್ಣಿಗೆ ಬಿತ್ತು: ಶಿಸ್ತಿನ ಕಾರಣಕ್ಕೆ ಅಕಾಡೆಮಿಯಿಂದ ತೆಗೆಯಲ್ಪಟ್ಟವರು ಅರ್ಹರಲ್ಲ. ಅಲ್ಲಿ ಓದಿದ್ದನ್ನು ಇಲ್ಲಿಯ ಕಾಲೇಜು ಲೆಕ್ಕಕ್ಕೆ ಹಿಡಿಯಲಿಲ್ಲ. ಇಪ್ಪತ್ತೊಂದರಲ್ಲಿ ಮತ್ತೆ ಮೊದಲ ವರ್ಷದ ಬಿಎ, ಪಕ್ಕದಲ್ಲಿ ಹದಿನೆಂಟರ ಮಕ್ಕಳು. ಈಗ ಮಾಧ್ಯಮಿಕ ಶಾಲೆಯ ಶಿಕ್ಷಕ. ನನ್ನ ತರಗತಿಯ ಹಾಜರಾತಿಯತ್ತ ಯಾರೂ ಬೊಟ್ಟು ಮಾಡುವಂತಿಲ್ಲ. ಅಮ್ಮ, ಕಳುಹಿಸಿದ ಪತ್ರದಲ್ಲಿ ಕಾರಣ ಏನೆಂದು ಬರೆದಿದ್ದಾರೆ, ಅದನ್ನು ಅಕ್ಷರಕ್ಷರ ಓದಿ. ಓದಿನಲ್ಲಿ ಸೋತಿದ್ದಕ್ಕೂ ಶಿಸ್ತಿಗೂ ಬಹಳ ವ್ಯತ್ಯಾಸವಿದೆ. ಮತ್ತೆ, ಮಂಜೇಶ್ವರದವರೇ, ನನ್ನ ಅಪ್ಪನೂ ದ್ರಾಕ್ಷಿಯ ಲೆಕ್ಕ ಹೇಳುತ್ತಿದ್ದರು. ಊಟದ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಮಂಜೇಶ್ವರದ ತಂದೆ: ಏಳು ತಿಂಗಳು ಸುಳ್ಳು ಹೇಳಿದವರಿಂದ ನಾನು ಪಾಠ ಕಲಿಯಬೇಕೇ?

ಜತ್ತದಿಂದ: ಸುಳ್ಳು ಹೇಳದೆ ಮನೆಯಲ್ಲಿ ಇರಲು ಬಿಟ್ಟಿದ್ದರೆ ಹೇಳುತ್ತಿರಲಿಲ್ಲ.

ಪೆರ್ಲದ ಕೃಷಿಕ: ಒಂದು ಮಾತು. ಮಹಾಳಿಗೆ ಅರ್ಧ ಫಸಲು ಹೋಯಿತೆಂದರೆ ಮಳೆಗೆ ಮೊದಲಿನ ಸಿಂಪಡಣೆ ತಪ್ಪಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನಲವತ್ತು ದಿನ ಕಳೆದು ಮತ್ತೊಮ್ಮೆ. ಆ ನಷ್ಟವನ್ನು ಹುಡುಗನ ತಲೆಗೆ ಕಟ್ಟಬೇಡಿ.

ಮಂಜೇಶ್ವರದ ತಂದೆ: ಎರಡು ಸಲ ಹೊಡೆಸಿದ್ದೇನೆ! ಕೊಟ್ಟಿಗೆಯಲ್ಲಿ ಡ್ರಮ್ ಇನ್ನೂ ನೀಲಿಯಾಗಿದೆ, ಬಂದು ನೋಡಿ. ಎರಡನೆಯದಕ್ಕೆ ಮರ ಹತ್ತುವವರು ಹನ್ನೊಂದು ದಿನ ತಡವಾಗಿ ಬಂದರು. ಆ ಹನ್ನೊಂದು ದಿನವೂ ಬಿಡದೆ ಮಳೆ.

ಬದಿಯಡ್ಕದ ತಾಯಿ: ಪತ್ರ ಟ್ರಂಕಿನ ಒಳಗಿದೆ. ಬೀಗದ ಕೈ ಅವನ ಕೊರಳಿನ ದಾರದಲ್ಲಿದೆ. ಅವನ ಅಪ್ಪ ಬೀಗ ಒಡೆಯೋಣ ಎನ್ನುತ್ತಿದ್ದಾರೆ.

ತಾಳವಾಡಿಯ ಅಕ್ಕ: ಒಡೆಯಬೇಡಿ, ನಿಮಗೆ ಕೈ ಮುಗಿಯುತ್ತೇನೆ. ಆಸ್ಪತ್ರೆಯ ಕಾಗದಕ್ಕೆಂದು ನಮ್ಮ ಅಪ್ಪ ಒಡೆದಿದ್ದರು. ತಮ್ಮ ಮಂಚದಿಂದಲೇ ನೋಡುತ್ತಿದ್ದ. ಆ ಟ್ರಂಕನ್ನು ಅವನು ಮತ್ತೆ ತನ್ನದು ಎನ್ನಲಿಲ್ಲ. ಈಗ ಅದರಲ್ಲಿ ರಾಗಿ ತುಂಬಿಡುತ್ತೇವೆ.