ಪುಟ್ಟಿಯ ಕಾನ್ವೆಂಟ್ ಅರ್ಜಿ: ಅತ್ತಿಗೆಗೆ ಒಂದು ಉದ್ದ ವಾಯ್ಸ್

ಅತ್ತಿಗೆ, ನಿಮ್ಮ ಮೆಸೇಜು ಮಧ್ಯಾಹ್ನವೇ ನೋಡಿದೆ. ಕ್ಲಾಸಿತ್ತು, ಉತ್ತರ ಕೊಡಲು ಆಗಲಿಲ್ಲ. ಈಗ ಕುಂಬಳೆ ಸ್ಟೇಷನ್ನಿನಲ್ಲಿ ಕೂತಿದ್ದೇನೆ, ರೈಲು ಲೇಟು. ಇದನ್ನೆಲ್ಲ ಟೈಪ್ ಮಾಡಿದರೆ ಬೆಳಗಾದೀತು, ಹಾಗಾಗಿ ವಾಯ್ಸ್. ಉದ್ದ ಆಗುತ್ತದೆ, ತೆಂಗಿನಕಾಯಿ ತುರಿಯುತ್ತಾ ಕೇಳಿ.

ಗ್ರೂಪಿನ ಉಳಿದವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಪುಟ್ಟಿ, ಅಣ್ಣ ಅತ್ತಿಗೆಯ ಮಗಳು, ಈಗ ಏಳನೇ ಕ್ಲಾಸು, ಇಲ್ಲಿ ಕೇರಳದ ಕಾಸರಗೋಡು ಕಡೆಯ ನಮ್ಮೂರ ಕನ್ನಡ ಮೀಡಿಯಂ. ಎಂಟಕ್ಕೆ ಅವಳನ್ನು ಮಂಗಳೂರಿನ ಸಿಸ್ಟರ್‌ಗಳ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹಾಕಬೇಕು ಅಂತ ಅತ್ತಿಗೆಯ ಆಸೆ. ಅಲ್ಲಿ ಎಂಟ್ರೆನ್ಸ್ ಪರೀಕ್ಷೆ ಉಂಟು, ಆಮೇಲೆ ಇಂಟರ್‌ವ್ಯೂ. ಕೆಥೋಲಿಕರಲ್ಲದವರಿಗೆ ಸೀಟು ಸಿಗುತ್ತದಾ, ಮೂರು ತಿಂಗಳು ಕೋಚಿಂಗಿಗೆ ಹಾಕಬೇಕಾ, ಇಷ್ಟು ಅತ್ತಿಗೆ ಕೇಳಿದ್ದು. ಅದರ ಕೆಳಗೆ ಭಾವ ಎಂದಿನಂತೆ ಒಂದು ಫಾರ್ವರ್ಡ್ ಹಾಕಿದ್ದಾರೆ, ಎಂಟ್ರೆನ್ಸ್ ಮಾಡುವುದೇ ಕಾನೂನಿಗೆ ವಿರುದ್ಧ, ದೂರು ಕೊಡಿ ಅಂತ.

ಮೊದಲು ಭಾವನಿಗೆ. ಭಾವ, ನೀವು ಹಾಕಿದ್ದು ಅರ್ಧ ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ, ಅದರ 13ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸಿನ ತನಕ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 25,000 ರೂಪಾಯಿ ತನಕ ದಂಡ, ಆಮೇಲೆ ಪ್ರತಿ ಸಲ 50,000 ತನಕ. ಆದರೆ 2014ರಲ್ಲಿ ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಾಧೀಶರ ಪೀಠ, ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿತು. ಅನುದಾನ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಸಂವಿಧಾನದ 30ನೇ ವಿಧಿ ಅವರಿಗೆ ಸ್ವಂತ ಶಾಲೆ ನಡೆಸುವ ಹಕ್ಕು ಕೊಟ್ಟಿದೆ ಅನ್ನುವುದು ಆ ತೀರ್ಪಿನ ಆಧಾರ. ಹಾಗಾಗಿ ಸಿಸ್ಟರ್‌ಗಳ ಶಾಲೆ ಪರೀಕ್ಷೆ ಮಾಡಿತು ಅಂತ ಆ ಕಾಯ್ದೆ ಹಿಡಿದುಕೊಂಡು ದೂರು ಕೊಟ್ಟರೆ ನಿಲ್ಲುವುದಿಲ್ಲ. ಸುಮ್ನೆ ಪುಟ್ಟಿಯ ಹೆಸರು ಹಾಳು.

ಇನ್ನು ಕೆಥೋಲಿಕರಲ್ಲದವರ ವಿಷಯ. ಕೆಥೋಲಿಕ್ ಮಕ್ಕಳಿಗೆ ಮೊದಲ ಆದ್ಯತೆ ಕೊಡುತ್ತಾರೆ, ಅದಕ್ಕೆ ನಾವು ಬೇಜಾರು ಮಾಡಿಕೊಳ್ಳುವಂತಿಲ್ಲ. ಅಪೋಸ್ಟೊಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಬೆಥನಿ ಸಿಸ್ಟರ್‌ಗಳ ಸಂಸ್ಥೆ 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ್ದು. ಹೆಣ್ಣುಮಕ್ಕಳಿಗೆ ಶಾಲೆ ಯಾಕೆ ಅಂತ ನಮ್ಮ ಹಿರಿಯರು ಕೇಳುತ್ತಿದ್ದ ಕಾಲ ಅದು. ನಮ್ಮ ಕಡೆಯ ಎಷ್ಟೋ ಬೇರೆ ಜಾತಿ, ಬೇರೆ ಧರ್ಮದ ಹುಡುಗಿಯರು ಅಂಥ ಶಾಲೆಗಳಲ್ಲೇ ಕಲಿತು ಬಂದವರು. ಮತ್ತೆ ಅನುದಾನ ಪಡೆಯುವ ಶಾಲೆಯಾದರೆ ಧರ್ಮ ಒಂದನ್ನೇ ಕಾರಣ ಹೇಳಿ ಸೀಟಿಲ್ಲ ಅನ್ನುವಂತಿಲ್ಲ, 29ನೇ ವಿಧಿಯಲ್ಲಿ ಅದು ಇದೆ. ದೊಡ್ಡಮ್ಮನಿಗೆ ಪ್ರಾರ್ಥನೆಯ ಚಿಂತೆ ಅಲ್ವಾ? ಅಪ್ಪ ಅಮ್ಮ ಒಪ್ಪದೆ ಮಗುವಿಗೆ ಧರ್ಮದ ಪಾಠ ಮಾಡುವಂತಿಲ್ಲ ಅಂತಲೂ ಸಂವಿಧಾನದಲ್ಲೇ ಇದೆ, ಅವರಿಗೆ ಹೇಳಿ.

ಗೂಡ್ಸ್ ಹೋಯಿತು, ಕೇಳಿಸಿತಾ? ನಮ್ಮ ರೈಲಿನ ಸುದ್ದಿಯೇ ಇಲ್ಲ.

ಈಗ ಮುಖ್ಯ ಮಾತು ಅತ್ತಿಗೆ. ಕೋಚಿಂಗ್ ಬೇಡ. ಯಾಕೆ ಅಂತ ಹೇಳಬೇಕಾದರೆ ನನ್ನ ಕತೆ ಹೇಳಬೇಕು. ಅಣ್ಣನಿಗೆ ಸ್ವಲ್ಪ ಗೊತ್ತು, ನಿಮಗೆ ಗೊತ್ತಿಲ್ಲ.

ನಾನೂ ಏಳನೇ ಕ್ಲಾಸು ಮುಗಿಸಿ ಇಂಥದ್ದೇ ಒಂದು ಪರೀಕ್ಷೆ ಬರೆದವಳು. ಯಾವ ಶಾಲೆ ಅಂತ ಬೇಡ. ಅಪ್ಪ ಹೊಸ ಚಪ್ಪಲಿ ತೆಗೆಸಿಕೊಟ್ಟು ಕರೆದುಕೊಂಡು ಹೋಗಿದ್ದರು. ಲೆಕ್ಕ ನನಗೆ ಇಷ್ಟ, ನಮ್ಮ ಶಾಲೆಯಲ್ಲಿ ನಾನೇ ಮುಂದೆ. ಪೇಪರ್ ಕೊಟ್ಟರು, ಪೂರ್ತಿ ಇಂಗ್ಲಿಷ್. ಮೊದಲ ಪ್ರಶ್ನೆ ಇನ್ನೂ ನೆನಪಿದೆ, 'ಫೈಂಡ್ ದ ಪ್ರಾಡಕ್ಟ್ ಆಫ್ 24 ಆ್ಯಂಡ್ 15'. ಪ್ರಾಡಕ್ಟ್ ಅನ್ನುವ ಪದ ನಾನು ನೋಡಿದ್ದು ಸೋಪಿನ ಕವರಿನ ಮೇಲೆ ಮಾತ್ರ. 24ಕ್ಕೂ 15ಕ್ಕೂ ಸೋಪಿಗೂ ಎಂತ ಸಂಬಂಧ ಅಂತ ಯೋಚಿಸುತ್ತಾ ಕೂತೆ. ಎರಡನೆಯದು ಎಲ್‌ಸಿಎಂ. ನನಗೆ ಲಸಾಅ ಗೊತ್ತು, ನಿದ್ದೆಯಲ್ಲಿ ಕೇಳಿದರೂ ಮಾಡುತ್ತಿದ್ದೆ, ಎಲ್‌ಸಿಎಂ ಅಂದರೆ ಅದೇ ಅಂತ ಯಾರೂ ಹೇಳಿರಲಿಲ್ಲ. ಕಾಲು ಭಾಗವೂ ಬರೆಯದೆ ಎದ್ದು ಬಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, 'ಲೆಕ್ಕ ಕಷ್ಟ ಇತ್ತಾ?' ಅಂತ ಕೇಳಿದರು. ಪೇಪರ್ ಕೈಯಲ್ಲೇ ಇತ್ತು, ನೋಡಿ ಹೇಳಿದರು, 'ಇದು 24 ಗುಣಿಸು 15 ಅಷ್ಟೆ ಮಗಾ.' 360 ಅಂದೆ ತಕ್ಷಣ. ಅಪ್ಪ ಮತ್ತೆ ಮಂಜೇಶ್ವರದ ತನಕ ಮಾತಾಡಲಿಲ್ಲ.

ಸೀಟು ಸಿಗಲಿಲ್ಲ, ಅದು ದೊಡ್ಡ ವಿಷಯ ಅಲ್ಲ. ಊರಿನಲ್ಲಿ 'ಹುಡುಗಿ ಲೆಕ್ಕದಲ್ಲಿ ಸ್ವಲ್ಪ ಹಿಂದೆಯಂತೆ' ಅಂತ ಆಯಿತು. ಅದನ್ನು ನಾನೂ ನಂಬಿದೆ ನೋಡಿ, ಪಿಯುಸಿ ತನಕ ನಂಬಿದ್ದೆ. ಈಗ ಲೆಕ್ಕ ಕಲಿಸಿಯೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ಪುಟ್ಟಿಗೂ ಅದೇ ಆಗುವುದು ಬೇಡ. ಅವಳಿಗೆ ಶೇಷ ಗೊತ್ತು, ರಿಮೇಂಡರ್ ಗೊತ್ತಿಲ್ಲ. ಅಂಶ, ಛೇದ ಗೊತ್ತು, ನ್ಯೂಮರೇಟರ್, ಡಿನಾಮಿನೇಟರ್ ಗೊತ್ತಿಲ್ಲ. ಸುತ್ತಳತೆ, ವಿಸ್ತೀರ್ಣ, ಸರಳಬಡ್ಡಿ, ಬೆಸಸಂಖ್ಯೆ, ಎಲ್ಲ ಹಾಗೆಯೇ. ವಿಜ್ಞಾನದಲ್ಲಿ ದ್ಯುತಿಸಂಶ್ಲೇಷಣೆ ಅನ್ನುವ ಅಷ್ಟುದ್ದದ ಪದ ತಪ್ಪಿಲ್ಲದೆ ಬರೆಯುವ ಹುಡುಗಿ ಫೋಟೋಸಿಂಥೆಸಿಸ್ ಕಂಡರೆ ಕ್ಯಾಮರಾದ ವಿಷಯ ಅಂದುಕೊಳ್ಳುತ್ತಾಳೆ. ಕೋಚಿಂಗಿನಲ್ಲಿ ಇದನ್ನು ಕಲಿಸುವುದಿಲ್ಲ ಅತ್ತಿಗೆ. ಅಲ್ಲಿ ಬರುವವರು ಹೆಚ್ಚಿನವರು ಇಂಗ್ಲಿಷ್ ಮೀಡಿಯಂ ಮಕ್ಕಳು, ಅವರಿಗೆ ಬೇಕಾದದ್ದು ಇನ್ನೂ ಕಷ್ಟದ ಲೆಕ್ಕ. ಪುಟ್ಟಿ ಹಿಂದಿನ ಬೆಂಚಿನಲ್ಲಿ ಕೂತು ತಲೆ ಆಡಿಸಿ ಬರುತ್ತಾಳೆ, ದುಡ್ಡು ಹೋಗುತ್ತದೆ.

ನಮ್ಮ ಕೇರಳದಲ್ಲಿ ಒಂದು ಅನುಕೂಲ ಉಂಟು, ಯಾರೂ ಬಳಸುವುದಿಲ್ಲ. ಸರಕಾರದ ಎಸ್‌ಸಿಇಆರ್‌ಟಿ ಸಂಸ್ಥೆ ತರುವ ಪಾಠಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಬರುತ್ತದೆ. ಪಾಠ ಅದೇ, ಚಿತ್ರ ಅದೇ, ಲೆಕ್ಕ ಅದೇ. ಸಮಗ್ರ ಅಂತ ಸರಕಾರದ್ದೇ ಪೋರ್ಟಲ್ ಇದೆ, ಪುಕ್ಕಟೆ ಸಿಗುತ್ತದೆ. ಏಳನೇ ಕ್ಲಾಸಿನ ಗಣಿತ, ವಿಜ್ಞಾನ ಎರಡೂ ಇಂಗ್ಲಿಷಿನದ್ದು ಇಳಿಸಿ ಪ್ರಿಂಟ್ ತೆಗೆಸಿ. ಎಡಗಡೆ ಅವಳ ಕನ್ನಡ ಪುಸ್ತಕ, ಬಲಗಡೆ ಇದು. ದಿನಕ್ಕೆ ಎರಡು ಪುಟ ಸಾಕು. ಕನ್ನಡದಲ್ಲಿ ಮಾಡಿದ ಲೆಕ್ಕವನ್ನೇ ಇಂಗ್ಲಿಷಿನಲ್ಲಿ ಓದಿ ಇನ್ನೊಂದು ಸಲ ಮಾಡಲಿ. ಗೊತ್ತಿರುವ ಲೆಕ್ಕವಾದ್ದರಿಂದ ಹೆದರಿಕೆ ಇರುವುದಿಲ್ಲ, ಪದ ತಾನಾಗಿ ಕೂರುತ್ತದೆ. ನಮ್ಮ ಶಾಲೆಯ ಇಬ್ಬರು ಹುಡುಗಿಯರ ಹತ್ತಿರ ಹೀಗೆ ಮಾಡಿಸಿದ್ದೇನೆ. ಒಬ್ಬಳಿಗೆ ಸೀಟು ಸಿಕ್ಕಿತು, ಇನ್ನೊಬ್ಬಳಿಗೆ ಸಿಗಲಿಲ್ಲ. ಆದರೆ ಇಬ್ಬರೂ ಪೇಪರ್ ಪೂರ್ತಿ ಬರೆದು ಬಂದರು.

ಇಂಟರ್‌ವ್ಯೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಶಾಲೆಯೇ ಯಾಕೆ ಅಂತ ಕೇಳುತ್ತಾರೆ, ಎಲ್ಲರೂ ಶಿಸ್ತು ಅನ್ನುತ್ತಾರೆ. ಅಣ್ಣ ಮಾತ್ರ ದಯವಿಟ್ಟು ಶಿಸ್ತಿನ ಬಗ್ಗೆ ಭಾಷಣ ಶುರು ಮಾಡಬಾರದು. ಪುಟ್ಟಿಗೆ ಕಂಠಪಾಠ ಮಾಡಿಸಿದ ಇಂಗ್ಲಿಷ್ ಬೇಡ. ತಪ್ಪಾದರೂ ಅವಳದ್ದೇ ಮಾತಾಡಲಿ, ಸಿಗದಿದ್ದ ಪದಕ್ಕೆ ಕನ್ನಡವೋ ತುಳುವೋ ಬರಲಿ, ಅಲ್ಲಿರುವ ಸಿಸ್ಟರ್‌ಗಳಿಗೇನು ತುಳು ಬರುವುದಿಲ್ಲವಾ!

ಇನ್ನೊಂದು, ಅರ್ಜಿಯಲ್ಲಿ ಮಾತೃಭಾಷೆ ಅಂತ ಇದ್ದಲ್ಲಿ ಏನೇನೋ ಯೋಚಿಸದೆ ಕನ್ನಡ ಅಂತಲೇ ಬರೆಯಿರಿ. ಮುಂದೆ ಬೇಕಾಗುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಸರಕಾರಿ ಸೀಟು ಬೇಕಾದರೆ ಸಾಮಾನ್ಯ ನಿಯಮ ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿ ತನಕದಲ್ಲಿ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕು ಅಂತ. ಎಂಟಕ್ಕೆ ದಾಟಿದರೆ ಹೈಸ್ಕೂಲು ಮೂರು, ಪಿಯುಸಿ ಎರಡು, ಐದೇ ಆಯಿತು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನ ಕನ್ನಡಿಗರಿಗೆ ಗಡಿನಾಡು ಅಂತ ಬೇರೆ ಕಲಂ ಇದೆ. ಅದಕ್ಕೆ ಇಲ್ಲಿ ಓದಿದ ದಾಖಲೆ ಎಲ್ಲ ಬೇಕು, ಒಂದನ್ನೂ ಬಿಸಾಡಬೇಡಿ. ಟಿಸಿಗೆ ಬೇರೆ ರಾಜ್ಯ ಅಂತ ಎಇಒ, ಅಂದರೆ ಇಲ್ಲಿನ ಶಿಕ್ಷಣಾಧಿಕಾರಿಯ ಸಹಿ ಕೇಳುವುದುಂಟು, ಅದನ್ನು ಮೇ ಕೊನೆಗೆ ಇಟ್ಟುಕೊಳ್ಳಬೇಡಿ. ಜನನ ಪತ್ರದಲ್ಲೂ ಆಧಾರಿನಲ್ಲೂ ಇನಿಷಿಯಲ್ ಒಂದೇ ರೀತಿ ಇದೆಯಾ ಅಂತ ಇವತ್ತೇ ನೋಡಿ.

ಮತ್ತೆ ಪ್ರಯಾಣ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್ ರೈಲಿನಲ್ಲಿ 46 ಕಿಲೋಮೀಟರು ಅಂತ ಹೇಳಲು ಸುಲಭ, ಇಲ್ಲಿ ಕೂತು ಕಾಯುವವಳಿಗೆ ಗೊತ್ತು. ಹದಿಮೂರು ವರ್ಷದ ಹುಡುಗಿ ದಿನಾ ಹೋಗಿ ಬರಬೇಕಾ, ಹಾಸ್ಟೆಲಾ? 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆಗೇ ಹೋಗಲು ಆಗದೆ ನಮ್ಮವರು ಒದ್ದಾಡಿದ್ದು ಮರೆತಿಲ್ಲ ಅಲ್ವಾ? ದಿನಾ ಅಂಥದ್ದು ಆಗುವುದಿಲ್ಲ, ಒಪ್ಪಿದೆ. ತಮಾಷೆ ಎಂತ ಅಂದರೆ ಚರ್ಚಿನ ಲೆಕ್ಕದಲ್ಲಿ ನಮ್ಮ ಕಡೆಯ ಬೇಳ, ಕಯ್ಯಾರು ಈಗಲೂ ಮಂಗಳೂರು ಧರ್ಮಪ್ರಾಂತ್ಯಕ್ಕೇ, ಅಂದರೆ ಮಂಗಳೂರು ಬಿಷಪರ ಆಡಳಿತಕ್ಕೇ ಸೇರಿದ್ದು, 1956ರಲ್ಲಿ ರಾಜ್ಯ ವಿಂಗಡಿಸಿ ಹಾಕಿದ ಗಡಿ ಅವರಿಗೆ ಅಡ್ಡ ಬರಲಿಲ್ಲ. ಟಿಸಿಗೂ ಹಾಗೆ ಇದ್ದಿದ್ದರೆ ಎಷ್ಟು ಒಳ್ಳೆಯದಿತ್ತು.

ಅರ್ಜಿ ಹಾಕಿ, ನಾನು ಬೇಡ ಅನ್ನುತ್ತಿಲ್ಲ. ಆದರೆ ರಿಸಲ್ಟ್ ಬರುವ ತನಕ ಅಣ್ಣ ಊರಿಡೀ ಹೇಳಿಕೊಂಡು ಬರುವುದು ಬೇಡ. ನನ್ನ ಸಲ ಅಪ್ಪ ಅಂಗಡಿಯಲ್ಲಿ, ದೇವಸ್ಥಾನದಲ್ಲಿ ಎಲ್ಲ ಹೇಳಿದ್ದರು, ಹಾಗಾಗಿ ಸಿಗಲಿಲ್ಲ ಅನ್ನುವುದನ್ನೂ ಎಲ್ಲರಿಗೂ ಹೇಳಬೇಕಾಯಿತು.

ಆದಿತ್ಯವಾರ ಬೆಳಿಗ್ಗೆ ನಾನು ಬರುತ್ತೇನೆ. ಪುಟ್ಟಿಯ ಗಣಿತ ಪುಸ್ತಕ ತೆಗೆದಿಡಿ, ಪ್ರಿಂಟ್ ನಾನು ತರುತ್ತೇನೆ. ಭಿನ್ನರಾಶಿಯಿಂದ ಶುರು ಮಾಡೋಣ. ಮತ್ತೆ ಹಲಸಿನ ಹಪ್ಪಳ ಉಳಿದಿದ್ದರೆ ಕರಿದಿಡಿ ಮಾರಾಯ್ತಿ, ಕಳೆದ ಸಲ ಬಂದಾಗ ಭಾವನೇ ಎಲ್ಲ ಖಾಲಿ ಮಾಡಿದ್ದರು.