ಸಹಾಯ ಬೇಕು: ಮೆದುಳಿನ ಗೆಡ್ಡೆಯಿಂದ ಕೈ ನಡುಗುವ ಮಗುವಿಗೆ ಫಿಸಿಯೋಥೆರಪಿ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿರುವ ನನ್ನ ತಂಗಿಯ ಎಂಟು ವರ್ಷದ ಮಗಳಿಗೆ ಮೆದುಳಿನ ಬಲಬದಿಯಲ್ಲಿ, ಅದರ ಆಳದ ಭಾಗವಾದ ಥಲಾಮಸ್‌ನಲ್ಲಿ ಗೆಡ್ಡೆ ಇದ್ದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಕೈಕಾಲುಗಳ ಚಲನೆಯನ್ನು ಹತೋಟಿಯಲ್ಲಿಡುವ ನರಮಾರ್ಗಗಳು ಆ ಭಾಗದಲ್ಲೇ ಹಾದುಹೋಗುವುದರಿಂದ, ಮತ್ತು ಮೆದುಳಿನ ಬಲಬದಿ ದೇಹದ ಎಡಭಾಗವನ್ನು ನಿಯಂತ್ರಿಸುವುದರಿಂದ, ಅವಳ ಎಡಗೈ ನಡುಗುತ್ತದೆ. ಲೋಟ ಎತ್ತಿದರೆ ನೀರು ಬಾಯಿಗೆ ತಲುಪುವ ಮೊದಲೇ ಚೆಲ್ಲುತ್ತದೆ, ಪೆನ್ಸಿಲ್ ಹಿಡಿದ ಬೆರಳುಗಳು ತಾವಾಗಿಯೇ ತಿರುಚಿಕೊಳ್ಳುತ್ತವೆ. ಮಗು ಬರೆಯುವುದೂ ಎಡಗೈಯಲ್ಲೇ. ಇದನ್ನು ಹಟವೆಂದು ತಿಳಿದು ಯಾರಾದರೂ ಗದರಿದಾಗ ನಮಗೆ ತುಂಬಾ ಸಂಕಟವಾಗುತ್ತದೆ.

ಗೆಡ್ಡೆ ತೆಗೆದ ಮೇಲೂ ಕೆಲವು ಮಕ್ಕಳಲ್ಲಿ ಇಂಥ ನಡುಕ ಉಳಿಯುವುದುಂಟು. ಆದ್ದರಿಂದ ಮಂಡ್ಯ ಅಥವಾ ಮೈಸೂರಿನಲ್ಲಿ, ಮಕ್ಕಳ ನರಸಂಬಂಧಿ ತೊಂದರೆಗಳಲ್ಲಿ ಅನುಭವವಿರುವ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ಬರೆಯುವುದು, ಉಣ್ಣುವುದರಂಥ ದಿನನಿತ್ಯದ ಕೆಲಸಗಳಿಗೆ ತರಬೇತಿ) ತಜ್ಞರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇದೇ ತೊಂದರೆಯ ಮಕ್ಕಳನ್ನು ನೋಡಿಕೊಂಡಿರುವ ತಂದೆತಾಯಿಯರು, ಬರವಣಿಗೆಗೆ ಮತ್ತು ಊಟಕ್ಕೆ ಯಾವ ಸಲಕರಣೆ ಅನುಕೂಲವಾಯಿತೆಂದು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.